ನಮ್ಮ ಹುಡುಗರನ್ನು ಕರೆಯಲು ಬಂದವರು

ಇಳಕಲ್ಲಿನ ಕಾಲೇಜೊಂದರಲ್ಲಿ ನಾನು ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಅದರ ಜೊತೆಗೆ ಬಹಳ ವರ್ಷ ಪ್ಲೇಸ್‌ಮೆಂಟ್ ಸೆಲ್ಲಿನ ಹೊಣೆಯೂ ನನ್ನದೇ. ಸೆಲ್ ಎಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕಬ್ಬಿಣದ ಕಪಾಟು, ಹೊರಗೆ ಒಂದು ನೋಟೀಸ್ ಬೋರ್ಡು, ಕಂಪನಿಗಳಿಂದ ಬಂದ ಪತ್ರಗಳ ಫೈಲು. ಆ ಪತ್ರಗಳು ಕೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ: ಶೇ 60ಕ್ಕಿಂತ ಮೇಲೆ ಎಷ್ಟು ಜನ ಇದ್ದಾರೆ, ಬ್ಯಾಕ್‌ಲಾಗ್ ಇಲ್ಲದವರು ಎಷ್ಟು, ಇಂಗ್ಲಿಷ್ ಸರಾಗವಾಗಿ ಮಾತಾಡುವವರು ಎಷ್ಟು. ಆ ಹುಡುಗನ ಮನೆಯಲ್ಲಿ ಏನು ಕೆಲಸ ನಡೆಯುತ್ತದೆ, ಅವನು ಊರು ಬಿಟ್ಟರೆ ಮನೆ ಹೇಗೆ ನಡೆಯುತ್ತದೆ ಎಂದು ಕೇಳಿದ ಪತ್ರ ಒಂದೂ ಇರಲಿಲ್ಲ. ಇಳಕಲ್, ಹುನಗುಂದ, ಗುಳೇದಗುಡ್ಡದ ಕಡೆಯ ಮಕ್ಕಳನ್ನು ಕೆಲಸಕ್ಕೆ ಕರೆಯಬೇಕೆಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದು ಎಂದು ನಾನು ಈಗಲೂ ನಂಬಿದ್ದೇನೆ.

ನಾನು ನೌಕರಿಗೆ ಸೇರಿದಾಗ ಬಾಗಲಕೋಟೆ ಇನ್ನೂ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವು ವಿಜಾಪುರ ಜಿಲ್ಲೆಯವರು. ಪದವಿ ಮುಗಿಸಿದ ಹುಡುಗ ಮಾಡುತ್ತಿದ್ದ ಮೊದಲ ಕೆಲಸ ವಿಜಾಪುರಕ್ಕೆ ಹೋಗಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಹಚ್ಚಿ ಬರುವುದು. ನೌಕರಿ ಅಂದರೆ ಸಾಲಿ ಮಾಸ್ತರಿಕೆ, ಬ್ಯಾಂಕು, ಪೊಲೀಸು, ಬಸ್ಸಿನ ಕಂಡಕ್ಟರಿಕೆ. ಖಾಸಗಿ ಕಂಪನಿಯೊಂದು ತಾನಾಗಿ ಕಾಲೇಜಿಗೆ ಬಂದು ಹುಡುಗರನ್ನು ಆರಿಸುತ್ತದೆ ಎಂಬುದು ಎಂಜಿನಿಯರಿಂಗ್ ಓದುವವರ ಭಾಗ್ಯವಾಗಿತ್ತು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು, ಅಲ್ಲಿಗೆ ಕಂಪನಿಗಳು ಬರುವ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದುತ್ತಿದ್ದೆವು. ಇನ್ಫೋಸಿಸ್ 2004ರಲ್ಲಿ ಕ್ಯಾಂಪಸ್ ಕನೆಕ್ಟ್ ಶುರು ಮಾಡಿ, ಕಂಪನಿಗೆ ಬೇಕಾದ್ದನ್ನು ಕಾಲೇಜಿನಲ್ಲೇ ಕಲಿಸುವ ದಾರಿ ಹುಡುಕಿದಾಗಲೂ ಅದು ಎಂಜಿನಿಯರಿಂಗ್ ಕಾಲೇಜುಗಳಿಗಾಗಿಯೇ ಇತ್ತು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುತ್ತಿದ್ದ ನಮ್ಮ ಮಕ್ಕಳತ್ತ ನೋಡುವವರು ಬಂದದ್ದು ನಿಧಾನವಾಗಿ. ವಿಪ್ರೊ ಬಿಸಿಎ, ಬಿ.ಎಸ್ಸಿ. ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು ಮುಂದಿನ ಓದಿನ ಖರ್ಚನ್ನೂ ಹೊರುತ್ತದೆ ಎಂದು ತಿಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟು ಸಂತೋಷವಾಗಿತ್ತೆಂದರೆ, ಆ ಪ್ರಕಟಣೆಯ ಜೆರಾಕ್ಸನ್ನು ಬೋರ್ಡಿಗೆ ಹಚ್ಚಿದ ದಿನ ಅಟೆಂಡರ್ ಕೂಡ ನಿಂತು ಓದಿದ್ದರು.

ನಮ್ಮಲ್ಲಿಗೆ ಬಂದ ಮೊದಮೊದಲ ಕಂಪನಿಗಳಲ್ಲಿ ಒಂದು ಜನವರಿಯಲ್ಲಿ ಬಂತು. ದಿನಾಂಕವನ್ನು ಬೆಂಗಳೂರಿನಲ್ಲಿ ಕೂತು ಗೊತ್ತು ಮಾಡಿದ್ದರು. ಅದು ಬನದ ಹುಣ್ಣಿಮೆಯ ವಾರ. ಬಾದಾಮಿಯ ಬನಶಂಕರಿ ಜಾತ್ರೆ ಎಂದರೆ ನಮ್ಮ ಕಡೆಯ ನೇಕಾರರಿಗೆ ಮನೆದೇವರ ಜಾತ್ರೆ; ಮಗ್ಗ ನಿಲ್ಲಿಸಿ, ಬುತ್ತಿ ಕಟ್ಟಿಕೊಂಡು, ಮನೆಮಂದಿಯೆಲ್ಲ ಹೋಗುತ್ತಾರೆ. ಸಭಾಂಗಣ ಅರ್ಧವೂ ತುಂಬಲಿಲ್ಲ. ಬಂದ ಅಧಿಕಾರಿ, ಈ ಭಾಗದ ಹುಡುಗರಿಗೆ ಕೆಲಸದ ಆಸಕ್ತಿಯೇ ಇಲ್ಲವೇನೋ ಎಂದು ನೇರವಾಗಿ ಹೇಳಿದರು. ದಿನಾಂಕ ಗೊತ್ತು ಮಾಡುವ ಮೊದಲು ಒಂದು ಫೋನ್ ಮಾಡಿ ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ.

ಬಂದವರನ್ನು ಹತ್ತು ಹತ್ತು ಜನರಂತೆ ಸುತ್ತಲೂ ಕೂರಿಸಿ ಜಾಗತೀಕರಣದ ಮೇಲೆ ಇಂಗ್ಲಿಷಿನಲ್ಲಿ ಚರ್ಚೆ ಮಾಡಿಸಿದರು. ಪ್ರತಿ ಗುಂಪಿನಲ್ಲೂ ಇಬ್ಬರು ಮಾತಾಡಿದರು, ಎಂಟು ಜನ ತಲೆ ಅಲ್ಲಾಡಿಸಿದರು. ಮಾತಾಡಿದವರನ್ನು ಆರಿಸಿದರು. ಆದರೆ ಕೆಲಸ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವುದು! ಇಡೀ ದಿನ ಬಾಯಿ ಬಿಡದೆ ಕೂತು, ಅಂಕಿಗೆ ಅಂಕಿ ತಾಳೆ ನೋಡುವ ಕೆಲಸ. ಅದಕ್ಕೆ ಬೇಕಾದ ಹುಡುಗರು ಸುಮ್ಮನೆ ಕೂತಿದ್ದ ಆ ಎಂಟು ಜನರಲ್ಲಿದ್ದರು. ಕೊನೆಗೆ ಹೋದವರಲ್ಲಿ ಹೆಚ್ಚಿನವರು ಮುಂದಿನ ಯುಗಾದಿ ಹೊತ್ತಿಗೆ ಊರಿಗೆ ಮರಳಿದರು. ಸಂಬಳದಲ್ಲಿ ಪಿಜಿ ಬಾಡಿಗೆ, ಬಸ್ಸಿನ ಪಾಸು, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೊದಲ ಸಂಬಳ ಬರುವಷ್ಟರಲ್ಲಿ ಒಂದೂವರೆ ತಿಂಗಳು ದಾಟಿತ್ತು. ಅಲ್ಲಿಯವರೆಗೆ ಮನೆಯಿಂದ ಕೈಗಡ ಮಾಡಿ ಕಳಿಸಬೇಕಾಗಿತ್ತು. ನೇಮಕದ ಪತ್ರದಲ್ಲಿ ವರ್ಷದ ಒಟ್ಟು ಮೊತ್ತ ದಪ್ಪ ಅಕ್ಷರದಲ್ಲಿತ್ತು, ತಿಂಗಳಿಗೆ ಕೈಗೆ ಬರುವುದೆಷ್ಟು ಎಂಬುದು ಎಲ್ಲೂ ಇರಲಿಲ್ಲ.

ಕೆಲ ವರ್ಷಗಳ ನಂತರ ಹುಬ್ಬಳ್ಳಿಯಿಂದ ಒಂದು ಸಂಸ್ಥೆ ಬಂತು. ಲೆಕ್ಕಪತ್ರ, ತೆರಿಗೆ ರಿಟರ್ನ್ ನೋಡಿಕೊಳ್ಳುವ ಚಿಕ್ಕ ಸಂಸ್ಥೆ. ಬಂದ ಹೆಣ್ಣುಮಗಳು ಚರ್ಚೆ ಗಿರ್ಚೆ ಏನೂ ಇಡಲಿಲ್ಲ. ಒಂದು ಚೀಲದ ತುಂಬ ಹಳೆಯ ಬಿಲ್ಲು ತಂದಿದ್ದರು. ಕಿರಾಣಿ ಅಂಗಡಿಯದು, ಸಿಮೆಂಟು ಡೀಲರಿನದು, ಲಾರಿ ಬಾಡಿಗೆಯದು. ಕೆಲವು ಕನ್ನಡದಲ್ಲಿ ಕೈಬರಹದ್ದು, ಕೆಲವಕ್ಕೆ ಎಣ್ಣೆ ಹತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಕಟ್ಟು ಕೊಟ್ಟು, ಇವನ್ನು ಹೊಂದಿಸಿ ಟ್ಯಾಲಿಯಲ್ಲಿ ಏರಿಸಿ, ತಪ್ಪಿದ್ದರೆ ಗುರುತು ಮಾಡಿ ಎಂದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ನಾನು ಪಕ್ಕದಲ್ಲಿ ಕೂತಿದ್ದೆ.

ನಮ್ಮ ಒಬ್ಬ ವಿದ್ಯಾರ್ಥಿನಿ ಒಳಗೆ ಬಂದಳು. ನಿನ್ನ ಬಗ್ಗೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಹೆಸರು, ಊರು ಹೇಳಿ ನಿಂತುಬಿಟ್ಟಳು. ಆ ಅಧಿಕಾರಿ ತಟಕ್ಕನೆ ಕನ್ನಡಕ್ಕೆ ಹೊರಳಿ, "ಮನ್ಯಾಗ ಏನ್ ಮಾಡ್ತಾರವ್ವಾ?" ಎಂದರು.

"ನೇಕಾರಿಕಿ ರೀ. ಅಪ್ಪಾ ನೇಯ್ತಾರ, ಅವ್ವಾ ನಾನೂ ಕಂಡಿಕಿ ಸುತ್ತತೀವ್ರಿ."

"ಲೆಕ್ಕ ಯಾರು ಇಡ್ತಾರ?"

"ನಾನ ಇಡತೀನ್ರಿ."

ಅಲ್ಲಿಂದ ಹುಡುಗಿಯ ಮಾತು ನಿಲ್ಲಲಿಲ್ಲ. ಸಾವುಕಾರರಿಂದ ನೂಲು ಎಷ್ಟು ತೂಕ ಬಂತು, ಸೀರೆ ಎಷ್ಟು ಹೋದವು, ಮಜೂರಿ ಎಷ್ಟು ಬರಬೇಕು, ಮುಂಗಡದಲ್ಲಿ ಎಷ್ಟು ಮುರಿದುಕೊಂಡರು, ನೇಯ್ಗೆಯಲ್ಲಿ ತಪ್ಪು ಬಿತ್ತೆಂದು ಯಾವ ಸೀರೆಗೆ ಎಷ್ಟು ಕಡಿದರು, ಎಲ್ಲವನ್ನೂ ಅವಳು ಪಿಯುಸಿಯಿಂದ ಒಂದು ಕೀರ್ದಿ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಒಮ್ಮೆ ಸಾವುಕಾರರ ಲೆಕ್ಕದಲ್ಲಿ ಒಂದು ಸೀರೆಯ ಮಜೂರಿ ಬಿಟ್ಟುಹೋಗಿದ್ದನ್ನು ಇದೇ ಪುಸ್ತಕ ತೋರಿಸಿ ಸರಿ ಮಾಡಿಸಿದ್ದಳಂತೆ. ಅಧಿಕಾರಿ ಅವಳಿಗೆ ಕೊಟ್ಟಿದ್ದ ಬಿಲ್ಲಿನ ಕಟ್ಟು ನೋಡಿದರು. ಬೇಕೆಂದೇ ಅದರಲ್ಲಿ ಸೇರಿಸಿದ್ದ ಎರಡು ತಪ್ಪುಗಳನ್ನೂ ಹಿಡಿದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಳು. "ಈಕಿಗೆ ನಾವು ಕಲಿಸೋದು ಕಡಿಮಿ ಐತ್ರಿ ಸರ್" ಎಂದು ಅವರು ನನ್ನತ್ತ ತಿರುಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅವಳ ಅಂಕ ಶೇ 57. ಫೈಲಿನಲ್ಲಿದ್ದ ಹಿಂದಿನ ಯಾವ ಕಂಪನಿಯ ಬಾಗಿಲಿಗೂ ಅವಳು ಹೋಗುವಂತಿರಲಿಲ್ಲ.

ಆರಿಸಿದ್ದಾಯಿತು. ಆದರೆ ಅವಳು ಹೋಗುತ್ತೇನೆ ಅನ್ನಲಿಲ್ಲ. ಕಾರಣ ತಿಳಿಯಲು ನಾನು ಅವಳ ಮನೆಗೆ ಹೋದೆ. ಎರಡು ಖೋಲಿಯ ಮನೆ, ಮುಂದಿನ ಖೋಲಿಯ ತುಂಬ ಕುಣಿಮಗ್ಗ. ತಂದೆ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು, ತಾಯಿ ರಾಟಿಯ ಮುಂದೆ ಇದ್ದರು. ಇಳಕಲ್ ಸೀರೆಯ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವ ಟೋಪ್ ತೆನಿ ಕೆಲಸವೇ ನಮ್ಮ ಸೀರೆಯ ಹೆಚ್ಚುಗಾರಿಕೆ. ಅದು ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಲಾಳಿಯೊಳಗೆ ಇಡುವ ನೂಲಿನ ಕಂಡಿಕಿ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಲಾಳಿ ನಿಲ್ಲುತ್ತದೆ, ಲಾಳಿ ನಿಂತರೆ ಮಜೂರಿ ನಿಲ್ಲುತ್ತದೆ. ಮಗಳು ಕಾಲೇಜಿಗೆ ಹೋಗುವ ಮುಂಚೆ ಒಂದಿಷ್ಟು, ಬಂದ ಮೇಲೆ ಒಂದಿಷ್ಟು ಕಂಡಿಕಿ ಸುತ್ತುತ್ತಿದ್ದಳು. ಅವಳು ಹುಬ್ಬಳ್ಳಿಗೆ ಹೋದರೆ ಆ ಕೆಲಸಕ್ಕೆ ಬೇರೆಯವರಿಗೆ ಕೂಲಿ ಕೊಡಬೇಕು. ಸಂಸ್ಥೆ ಮೊದಲ ಮೂರು ತಿಂಗಳು ಇಂಟರ್ನ್ ಎಂದಿತ್ತು. ಆ ಮೂರು ತಿಂಗಳು ಕೈಗೆ ಏನೂ ಬರದಿದ್ದರೆ ಮನೆಗೆ ಬೀಳುವುದು ಎರಡು ಹೊರೆ: ಅವಳ ಖರ್ಚು, ಇಲ್ಲಿಯ ಕೂಲಿ.

ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂಬುದರ ನಿಜವಾದ ಬೆಲೆ ನಾನು ಕಂಡದ್ದು ಆ ಖೋಲಿಯಲ್ಲಿ. ಅನುಭವ ಸಿಗುತ್ತದಲ್ಲ, ದುಡ್ಡು ಯಾಕೆ ಎಂದು ಕೇಳುವವರಿದ್ದಾರೆ. ಅನುಭವಕ್ಕಾಗಿ ಮೂರು ತಿಂಗಳು ಕಾಯಬಲ್ಲವರು ಮನೆಯಲ್ಲಿ ಇನ್ನೊಬ್ಬರು ದುಡಿಯುವವರು ಇದ್ದವರು. ಸ್ಟೈಪೆಂಡ್ ಇಲ್ಲವೆಂದು ಹೇಳಿದ ಕ್ಷಣಕ್ಕೇ ಕಂಪನಿ ಒಂದು ಬಗೆಯ ಬುದ್ಧಿವಂತರನ್ನೆಲ್ಲ, ಅಂದರೆ ಬಡತನದಲ್ಲಿ ಲೆಕ್ಕ ಕಲಿತವರನ್ನೆಲ್ಲ, ಬಾಗಿಲ ಹೊರಗೇ ನಿಲ್ಲಿಸಿದಂತೆ.

ನಾನು ಫೋನ್ ಮಾಡಿ ಇದನ್ನು ಹೇಳಿದಾಗ ಆ ಅಧಿಕಾರಿ ವಾದ ಮಾಡಲಿಲ್ಲ. ಮೊದಲ ತಿಂಗಳಿಂದಲೇ ಸ್ಟೈಪೆಂಡ್ ಗೊತ್ತು ಮಾಡಿದರು, ಹಾಸ್ಟೆಲ್ಲಿನ ಡಿಪಾಜಿಟ್ಟನ್ನು ಸಂಸ್ಥೆಯೇ ತುಂಬಿ ಆಮೇಲೆ ಸ್ವಲ್ಪಸ್ವಲ್ಪವಾಗಿ ಮುರಿದುಕೊಳ್ಳುವುದಾಗಿ ಬರೆದುಕೊಟ್ಟರು. ಒಂದು ಭಾನುವಾರ ತಾವೇ ಇಳಕಲ್ಲಿಗೆ ಬಂದರು. ತಂದೆ ಮಗ್ಗದಿಂದ ಎದ್ದು ಬಂದು ಕೇಳಿದ ಪ್ರಶ್ನೆಗಳು ನನಗೆ ನೆನಪಿವೆ. "ಇರಾಕ ಎಲ್ಲಿ ಕೊಡ್ತೀರಿ ಅಕ್ಕಾರ? ಆಫೀಸು ಎಷ್ಟಕ್ಕ ಬಿಡತೈತಿ? ನಮ್ಮ ಕಡೀ ಹುಡುಗ್ಯಾರು ಅಲ್ಲಿ ಯಾರರ ಅದಾರೇನು? ಜಾತ್ರಿಗೆ ರಜಾ ಕೊಡ್ತೀರೇನು?" ಸಂಸ್ಥೆಯ ವಹಿವಾಟು ಎಷ್ಟು ಕೋಟಿ, ಎಷ್ಟು ಶಾಖೆ ಎಂದು ಅವರು ಕೇಳಲಿಲ್ಲ. ಹುನಗುಂದದ ಹುಡುಗಿಯೊಬ್ಬಳು ಆಗಲೇ ಅಲ್ಲಿ ಕೆಲಸದಲ್ಲಿದ್ದಳು. ಅವಳಿಗೆ ಫೋನ್ ಹಚ್ಚಿ ಕೊಟ್ಟರು. ತಾಯಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದು, "ಹೋಗಿ ಬರ್ಲಿ ಬಿಡ್ರಿ" ಎಂದರು. ನಮ್ಮೂರಿನ ಡಾ. ಮಹಾಂತ ಸ್ವಾಮೀಜಿಯವರು ದುಶ್ಚಟಗಳನ್ನು ಭಿಕ್ಷೆ ಬೇಡುತ್ತ ಮಹಾಂತ ಜೋಳಿಗೆ ಹಿಡಿದು ಜನರ ಬಾಗಿಲಿಗೇ ಹೋದವರು. ಆ ಜೋಳಿಗೆಯನ್ನು ಕಂಡ ಊರಿದು; ಬಾಗಿಲಿಗೆ ಬಂದವರ ಮಾತಿಗೆ ಇಲ್ಲಿ ತೂಕ ಹೆಚ್ಚು.

ಆ ಸಂಸ್ಥೆ ಮರುವರ್ಷ ಬಂದಾಗ ಸಭಾಂಗಣದಲ್ಲಿ ಜಾಗ ಸಾಲಲಿಲ್ಲ. ನಮ್ಮ ಆ ವಿದ್ಯಾರ್ಥಿನಿಯನ್ನೇ ಜೊತೆಗೆ ಕರೆದುಕೊಂಡು ಬಂದಿದ್ದರು.

ಸಣ್ಣ ಮಾಲೀಕರು ನನ್ನ ಹತ್ತಿರ ಹೇಳುತ್ತಿದ್ದ ಮಾತು, ಕಲಿಯುವವರಿಗೂ ಸಂಬಳ ಕೊಡಲು ನಮಗೆ ಎಲ್ಲಿಂದ ಬರಬೇಕು ಎಂಬುದು. ಅವರ ಕಷ್ಟ ಸುಳ್ಳಲ್ಲ. ಆದರೆ 1961ರ ಅಪ್ರೆಂಟಿಸ್ ಕಾಯ್ದೆ ಎಂಬುದೊಂದಿದೆ, ಅದರಲ್ಲಿ ತಮಗೂ ಪಾಲಿದೆ ಎಂದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆರಂಭದಲ್ಲಿ ಅದು ಐಟಿಐ ಹುಡುಗರಿಗೆ ಇದ್ದದ್ದು. 1973ರಲ್ಲಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾದವರು ಒಳಗೆ ಬಂದರು. 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಾಡಿದವರಿಗೂ ಬಾಗಿಲು ತೆರೆಯಿತು. 2019ರ ನಿಯಮದಂತೆ 30 ಜನಕ್ಕಿಂತ ಕಡಿಮೆ ಇರುವ ಚಿಕ್ಕ ಘಟಕವೂ, ನಾಲ್ಕು ಜನ ಕೆಲಸಗಾರರಿದ್ದರೆ ಸಾಕು, ಇಷ್ಟಪಟ್ಟರೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು; 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ತೆಗೆದುಕೊಳ್ಳಲೇಬೇಕು. ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಆಗ ನಿಗದಿಯಾಯಿತು. ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಅದರ ಅರ್ಧ, ಅಂದರೆ 4,500 ರೂಪಾಯಿ, ಕೇಂದ್ರ ಸರ್ಕಾರದ್ದಾಗಿತ್ತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನಾನು ಗ್ರಾನೈಟ್ ಪಾಲಿಶಿಂಗ್ ಘಟಕಗಳಿಗೆ, ಸೀರೆ ಅಂಗಡಿಗಳಿಗೆ, ಸಹಕಾರಿ ಸಂಘಗಳಿಗೆ ಹಂಚಿದೆ. ಕೆಲವರು ಓದಿದರು.

2024ರ ಅಕ್ಟೋಬರ್ 3ರಂದು ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಮೇಲೂ ನಾವು ಆಸೆ ಇಟ್ಟೆವು. ಶುರುವಾದಾಗ ಅದರಲ್ಲಿ 21ರಿಂದ 24 ವರ್ಷ ವಯಸ್ಸಿನವರಿಗೆ ದೇಶದ ದೊಡ್ಡ 500 ಕಂಪನಿಗಳಲ್ಲಿ ಒಂದು ವರ್ಷದ ತರಬೇತಿ, ತಿಂಗಳಿಗೆ 5,000, ಆರಂಭಕ್ಕೆ ಒಮ್ಮೆ 6,000 ರೂಪಾಯಿ ಇತ್ತು. ಊರಲ್ಲೇ ಇದ್ದು ಮಾಡುವುದಾದರೆ 5,000 ರೂಪಾಯಿಗೆ ಬೆಲೆಯಿದೆ. ಬೆಂಗಳೂರಿನ ಪಿಜಿಯಲ್ಲಿ ಇರಬೇಕಾದ ಇಳಕಲ್ಲಿನ ಹುಡುಗನಿಗೆ ಅದು ಬಾಡಿಗೆಗೂ ಸಾಲದು. ಕಂಪನಿಗಳು ತಮ್ಮ ಕಡೆಯಿಂದ ಇರುವ ಜಾಗವನ್ನಾದರೂ ಕೊಟ್ಟರೆ ನಮ್ಮ ಮಕ್ಕಳು ಖಂಡಿತ ಹೋಗುತ್ತಾರೆ.

ಅದೇ ವರ್ಷ ಇನ್ನೊಂದು ಅನುಭವವಾಯಿತು. ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದಲ್ಲಿ 2021-22ರಿಂದ ಜಾರಿಗೆ ಬಂದಿತ್ತು. ಆ ಮೊದಲ ತಂಡ ಆರನೇ ಸೆಮಿಸ್ಟರಿಗೆ ಬಂದಾಗ ಪಠ್ಯದಲ್ಲಿ ಇಂಟರ್ನ್‌ಶಿಪ್ ಇತ್ತು. ಒಮ್ಮೆಲೇ ಊರಿನ ಪ್ರತಿಯೊಬ್ಬ ಪದವಿ ವಿದ್ಯಾರ್ಥಿಗೂ ಒಂದು ಜಾಗ ಬೇಕಾಯಿತು. ಅಂಗಡಿಗಳವರು, "ಸರ್ಟಿಫಿಕೇಟ್ ಬರಕೊಂಡು ಬಾ ತಮ್ಮಾ, ಸಹಿ ಮಾಡತೀನಿ" ಎಂದರು. ಹುಡುಗರು ಬರೆದುಕೊಂಡು ಹೋದರು, ಸಹಿಯಾಯಿತು, ಅಂಕ ಬಂತು. ಮಾಲೀಕರಿಗೆ ಆ ಹುಡುಗರ ಮುಖವೂ ನೆನಪಿಲ್ಲ. ನನಗೆ ಇದರಿಂದ ಬಹಳ ನೋವಾಯಿತು. ಯಾಕೆಂದರೆ ಅದೇ ಮಾಲೀಕರು ಮರುತಿಂಗಳು ಬಂದು, ನಂಬಿಕೆಯ ಹುಡುಗರು ಎಲ್ಲಿ ಸಿಗುತ್ತಾರೆ ಸರ್ ಎಂದು ಕೇಳುತ್ತಿದ್ದರು. ನಂಬಿಕೆಯವರನ್ನು ನೋಡಿ ಆರಿಸಿಕೊಳ್ಳಲು ಆರು ವಾರ ಪುಕ್ಕಟೆಯಾಗಿ ಸಿಕ್ಕಿತ್ತು, ಅದನ್ನು ಸಹಿ ಮಾಡಿ ಕಳೆದುಬಿಟ್ಟಿದ್ದರು.

ಒಬ್ಬ ಗ್ರಾನೈಟ್ ವ್ಯಾಪಾರಿ ಮಾತ್ರ ಹಾಗೆ ಮಾಡಲಿಲ್ಲ. ಬಿ.ಕಾಂ. ಹುಡುಗನನ್ನು ಬ್ಲಾಕ್ ಯಾರ್ಡಿಗೆ ಕರೆದುಕೊಂಡು ಹೋಗಿ, ಟೇಪು ಕೈಗೆ ಕೊಟ್ಟು ಅಳತೆ ಮಾಡಿಸಿದರು. ಕೆಂಪು ಕಲ್ಲಿನ ಬ್ಲಾಕಿನ ಉದ್ದ, ಅಗಲ, ಎತ್ತರ ಗುಣಿಸಿದರೆ ಬರುವ ಘನ ಮೀಟರ್ ಬಿಲ್ಲಿಗೆ ಹೋಗುವುದಿಲ್ಲ. ಅಂಚು ಸೊಟ್ಟ ಇರುತ್ತದೆ, ಬಿರುಕು ಇರುತ್ತದೆ. ಒಂದೊಂದು ಕಡೆ ಇಷ್ಟಿಷ್ಟು ಸೆಂಟಿಮೀಟರ್ ಅಲೌನ್ಸ್ ಬಿಟ್ಟು ಲೆಕ್ಕ ಹಿಡಿಯಬೇಕು. ಆ ಹುಡುಗನ ತಂದೆ ಕ್ವಾರಿಯಲ್ಲಿ ದುಡಿದವರು, ಅವನಿಗೆ ಇದು ಅರ್ಧ ಗೊತ್ತಿತ್ತು. ಉಳಿದರ್ಧ, ಅಂದರೆ ಅದು ಇನ್‌ವಾಯ್ಸಿನಲ್ಲಿ ಹೇಗೆ ಬರುತ್ತದೆ, ಸಾಗಣೆ ಪರವಾನಗಿಯ ಅಂಕಿಗೂ ಬಿಲ್ಲಿನ ಅಂಕಿಗೂ ಹೇಗೆ ತಾಳೆಯಾಗಬೇಕು, ಇ-ವೇ ಬಿಲ್ ಯಾವಾಗ ತೆಗೆಯಬೇಕು ಎಂಬುದನ್ನು ಮುನೀಮರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ದಿನಕ್ಕೆ ಇಷ್ಟೆಂದು ಕೈಗೆ ದುಡ್ಡೂ ಕೊಟ್ಟರು. ಪರೀಕ್ಷೆ ಮುಗಿದ ಮೇಲೆ ಆ ಹುಡುಗ ಬೇರೆಲ್ಲೂ ಅರ್ಜಿ ಹಾಕಲಿಲ್ಲ.

ಕೆಲಸದ ಹೆಸರಲ್ಲಿ ದುಡ್ಡು ಕೀಳುವವರೂ ನಮ್ಮ ಕಡೆ ಬಂದು ಹೋಗಿದ್ದಾರೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಹೇಳಿ ಒಂದಷ್ಟು ಮಕ್ಕಳ ಹತ್ತಿರ ವಸೂಲಿ ಮಾಡಿ ಮಾಯವಾದವರಿಂದಾಗಿ, ಆಮೇಲೆ ಬಂದ ಒಳ್ಳೆಯ ಕಂಪನಿಗಳನ್ನೂ ಪಾಲಕರು ಸಂಶಯದಿಂದ ನೋಡಿದರು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು, ಮಧ್ಯದಲ್ಲಿ ಬಿಟ್ಟರೆ ಇಷ್ಟು ತುಂಬಬೇಕು ಎಂದು ಬಾಂಡ್ ಬರೆಸುವುದು ಇವೂ ಹಾಗೆಯೇ. ನಮ್ಮಲ್ಲಿ ಒಂದು ಕೆಟ್ಟ ಸುದ್ದಿ ಮಗ್ಗದಿಂದ ಮಗ್ಗಕ್ಕೆ ಸಂಜೆಯೊಳಗೆ ಮುಟ್ಟುತ್ತದೆ, ಒಳ್ಳೆಯ ಸುದ್ದಿಗೆ ಒಂದು ವರ್ಷ ಬೇಕು.

ಕಂಪನಿಯವರು ಫೋನ್ ಮಾಡಿದಾಗ ನಾನು ಹೇಳುತ್ತಿದ್ದುದು, ಆರನೇ ಸೆಮಿಸ್ಟರಿನ ಕೊನೆಗೆ ಬರಬೇಡಿ, ಐದನೆಯದು ಶುರುವಾದಾಗಲೇ ಬನ್ನಿ ಎಂದು. ಆಗ ಬಂದರೆ ಹುಡುಗರಿಗೆ ಏನು ಕಲಿಯಬೇಕು ಎಂಬುದು ತಿಳಿಯುತ್ತದೆ, ರಜೆಯಲ್ಲಿ ಒಂದಷ್ಟು ದಿನ ಕೆಲಸ ಮಾಡಿಸಿ ನೋಡಬಹುದು, ಮನೆಯವರಿಗೂ ಮನಸ್ಸು ಮಾಡಲು ಹೊತ್ತು ಸಿಗುತ್ತದೆ. ಜಾಗ ಯಾವುದು, ಕೈಗೆ ಬರುವ ಸಂಬಳ ಎಷ್ಟು, ಪಾಳಿ ಯಾವುದು, ವಸತಿ ಹೇಗೆ ಎಂಬುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ಅದನ್ನು ಓದುವವರು ಮನೆಯಲ್ಲಿ ಅಪ್ಪ, ಅವ್ವ, ಅಣ್ಣ. ಫಲಿತಾಂಶ ತಡವಾಯಿತೆಂದು ನೇಮಕ ರದ್ದು ಮಾಡಬೇಡಿ, ಅದು ಹುಡುಗನ ಕೈಯಲ್ಲಿಲ್ಲ. ಇಂಗ್ಲಿಷ್ ಬೇಕಾದರೆ ಕಲಿಸಿ, ಆರು ತಿಂಗಳಲ್ಲಿ ಬರುತ್ತದೆ. ಆರಿಸದೇ ಬಿಟ್ಟವರಿಗೂ ಯಾಕೆ ಬಿಟ್ಟಿರಿ ಎಂದು ತಿಳಿಸಿ. ಈ ಕೊನೆಯದನ್ನು ಮಾಡಿದವರು ಬಹಳ ಕಡಿಮೆ. ಮಾಡಿದ ಒಂದೆರಡು ಕಡೆ, ಮೊದಲ ಸಲ ಬಿಟ್ಟುಹೋದ ಹುಡುಗರೇ ಎಕ್ಸೆಲ್ ಕಲಿತು ಎರಡನೇ ಸಲ ಆಯ್ಕೆಯಾಗಿದ್ದನ್ನು ನಾನು ನೋಡಿದ್ದೇನೆ.

ನಿವೃತ್ತಿಯ ಮುಂಚಿನ ವರ್ಷ ನಮ್ಮೂರಿನ ಸೀರೆ ವ್ಯಾಪಾರಿಯೊಬ್ಬರು ಬಂದರು. ಆನ್‌ಲೈನಿನಲ್ಲಿ ಮಾರಲು ಶುರು ಮಾಡಿದ್ದರು, ಆದರೆ ಹೋದ ಸೀರೆಗಳಲ್ಲಿ ಬಹಳಷ್ಟು ವಾಪಸು ಬರುತ್ತಿದ್ದವು. ಫೋಟೋದಲ್ಲಿ ಕಂಡ ಬಣ್ಣ ಬೇರೆ, ಕೈಗೆ ಬಂದ ಬಣ್ಣ ಬೇರೆ ಎಂದು ಗಿರಾಕಿಗಳ ತಕರಾರು. ಇಬ್ಬರು ಹುಡುಗಿಯರನ್ನು ಸ್ಟೈಪೆಂಡ್ ಮಾತಾಡಿ ಕಳಿಸಿದೆ, ಇಬ್ಬರೂ ನೇಕಾರರ ಮನೆಯವರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಸೆರಗಿನ ಕೆಂಪು ಕಿತ್ತಳೆಯಾಗಿ ಕಾಣುತ್ತದೆ ಎಂದು ಅವರಿಗೆ ನೋಡಿದೊಡನೆ ತಿಳಿಯಿತು. ಸೀರೆಗಳನ್ನು ಮಾಳಿಗೆಯ ಮೇಲೆ ಒಯ್ದು ಬೆಳಗಿನ ಬಿಸಿಲು ಏರುವ ಮೊದಲು ತೆಗೆದರು. ಕೈಮಗ್ಗದ್ದು ಯಾವುದು, ಪವರ್‌ಲೂಮಿನದು ಯಾವುದು ಎಂದು ವಿಂಗಡಿಸಿ, ಕೈಮಗ್ಗದ ಸೀರೆಗಳಿಗೆ ಸೆರಗು ಮೈಗೆ ಕೂಡುವ ಜಾಗದ ಹತ್ತಿರದ ಫೋಟೋ ಒಂದನ್ನು ಸೇರಿಸಿದರು; ಆ ಕುಣಿಕೆಯ ಸಾಲು ಕಂಡರೆ ಬಲ್ಲವರು ಹೆಚ್ಚಿನ ಬೆಲೆ ಕೊಡುತ್ತಾರೆ ಎಂಬುದು ಅವರ ಲೆಕ್ಕ. ಹತ್ತಿ, ಚಮಕಾ (ಕೃತಕ ರೇಷ್ಮೆ), ರೇಷ್ಮೆ ಯಾವುದೆಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದರು. ವಾಪಸು ಬರುವುದು ಕಡಿಮೆಯಾಯಿತು ಎಂದು ಹೇಳಲು ವ್ಯಾಪಾರಿಯೇ ಕಾಲೇಜಿಗೆ ಬಂದರು. ಇಬ್ಬರನ್ನೂ ಕಾಯಂ ಮಾಡಿಕೊಳ್ಳುವ ಪತ್ರ ತಂದಿದ್ದರು, ಸಂಬಳದ ಅಂಕಿ ಅದರಲ್ಲಿತ್ತು, ಪಿಎಫ್ ಇರಲಿಲ್ಲ. ಅದರ ಬಗ್ಗೆ ನಾವು ಚಹಾ ಕುಡಿಯುತ್ತ ಸಾಕಷ್ಟು ಹೊತ್ತು ಮಾತಾಡಿದೆವು. ಏಳುವಾಗ, "ಮುಂದಿನ ಸಲ ಯಾರ್ನ ಕಳಸ್ತೀರಿ ಸರ್?" ಎಂದರು. ನಾನು ಕಳಿಸುವುದಿಲ್ಲ, ಐದನೇ ಸೆಮಿಸ್ಟರಿನ ಕ್ಲಾಸಿಗೆ ನೀವೇ ಬಂದು, ನಿಮ್ಮ ಅಂಗಡಿಯಲ್ಲಿ ಏನು ಕೆಲಸವಿದೆ ಎಂದು ಹೇಳಿ ಎಂದೆ. ಬರುವ ವಾರ ಬರುತ್ತೇನೆಂದು ದಿನ ಗೊತ್ತು ಮಾಡಿಕೊಂಡು ಹೋದರು.